ಬ್ಯಾಟರಿ ಎಷ್ಟು ಎಎಚ್ ಅಂತ ಕೇಳಿದರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಕ್ಯಾರವಾನ್ ಪ್ರವಾಸದ ಬಗ್ಗೆ ಲೇಖನ ಬಂದಿತ್ತು. ಚೆನ್ನಾಗಿತ್ತು. ಆದರೆ ಕೊನೆಯ ಕಾಲಂನಲ್ಲಿ ಒಂದು ಸಾಲು ಇದೆ. ಗಾಡಿಯನ್ನು ಸರಿಸುವ ಮೋಟಾರಿಗೆ ಮನೆಯ ಇನ್ವರ್ಟರಿಗೆ ಹಾಕುವಂಥ 150 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಹೊಟ್ಟೆ ಎಷ್ಟು ದೊಡ್ಡದು ಅನ್ನುವ ಲೆಕ್ಕ) ಬ್ಯಾಟರಿ ಇದ್ದರೆ ಸಾಕು ಅಂತ. ಅದನ್ನು ನಂಬಿ ಯಾರಾದರೂ ಅಂಗಡಿಗೆ ಹೋಗುವ ಮೊದಲು ನಮ್ಮ ಮನೆ ಮುಂದೆ ನಡೆದದ್ದನ್ನು ಹೇಳಿಬಿಡುತ್ತೇನೆ. ಪತ್ರ ಉದ್ದವಾಯಿತು ಅನ್ನಿಸಿದರೆ ಕತ್ತರಿ ಹಾಕಿ, ಬೇಜಾರಿಲ್ಲ. ಅಂಕಿಗಳನ್ನು ಮಾತ್ರ ಬಿಡಬೇಡಿ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. 2020ರ ಜನವರಿ ಕೊನೆಗೆ ಸಾವಿರಾರು ಜನ ಒಂದೇ ದಿನ ವಿಆರ್‌ಎಸ್ ತೆಗೆದುಕೊಂಡು ಹೊರಗೆ ಬಂದೆವಲ್ಲ, ಆ ಗುಂಪಿನಲ್ಲಿ ನಾನೂ ಒಬ್ಬಳು. ಎಕ್ಸ್‌ಚೇಂಜ್ ನಡೆಯುವುದು 48 ವೋಲ್ಟಿನಲ್ಲಿ. 2 ವೋಲ್ಟಿನ 24 ಸೆಲ್‌ಗಳು ಒಂದು ರೂಮಿನಲ್ಲಿ ಸಾಲಾಗಿ ನಿಂತಿರುತ್ತವೆ. ಊರಲ್ಲಿ ಕರೆಂಟ್ ಹೋದರೂ ಫೋನ್ ಸಾಯದೆ ಇದ್ದದ್ದು ಅವುಗಳ ದಯೆಯಿಂದ. ಆ ರೂಮಿನ ಲಾಗ್ ಬುಕ್ ಬರೆಯುವುದು ವರ್ಷಗಟ್ಟಲೆ ನನ್ನ ಪಾಲಿಗಿತ್ತು. ಹೈಡ್ರೋಮೀಟರ್ ಅದ್ದುವುದು, ವೋಲ್ಟೇಜ್ ನೋಡುವುದು, ಡಿಸ್ಟಿಲ್ಡ್ ವಾಟರ್ ಹಾಕಿಸುವುದು. ಆಸಿಡ್ ಒಂದು ಹನಿ ಕಾಟನ್ ಸೀರೆಗೆ ಸಿಡಿದರೆ ಅವತ್ತು ಗೊತ್ತೇ ಆಗುವುದಿಲ್ಲ. ಒಗೆದು ಹರವಿದ ಮೇಲೆ ಕಡಲೆ ಗಾತ್ರದ ತೂತು ಕಾಣುತ್ತದೆ. ಹೀಗೆ ಎಷ್ಟು ಸೀರೆ ಹೋದವೋ ಲೆಕ್ಕವಿಲ್ಲ. ಇಷ್ಟು ಯಾಕೆ ಹೇಳಿದೆ ಅಂದರೆ, ಬ್ಯಾಟರಿ ಅಂಗಡಿಗೆ ನಾನು ಹೋದರೆ ಈಗಲೂ ‘ಯಜಮಾನ್ರನ್ನ ಕಳ್ಸಿ ಅಮ್ಮ’ ಅನ್ನುತ್ತಾರೆ. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಕ್ಯಾಷ್ ಎಣಿಸಿದವರು. ಬ್ಯಾಟರಿಯಲ್ಲಿ ಪ್ಲಸ್ ಯಾವುದು, ಮೈನಸ್ ಯಾವುದು ಅಂತ ನನ್ನನ್ನೇ ಕೇಳುತ್ತಾರೆ.

ಬೆಂಗಳೂರಿನಲ್ಲಿ ಕ್ಯಾರವಾನ್ ಅಂದರೆ ಶೂಟಿಂಗ್ ಜಾಗದಲ್ಲಿ ಹೀರೊ ಕೂರುವ ಏಸಿ ಬಸ್ಸು ಅಂತಲೇ ಜನ ತಿಳಿಯುತ್ತಾರೆ. ನಮ್ಮದು ಅದಲ್ಲ. ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ ಎರಡು ಗಾಲಿಯ ಪುಟ್ಟ ಮನೆ. ಒಳಗೆ ಮಂಚ, ಗ್ಯಾಸ್ ಒಲೆ, ಸಿಂಕ್, ಎರಡು ಫ್ಯಾನ್. ಪೀಣ್ಯದ ಒಂದು ಶೆಡ್ಡಿನಲ್ಲಿ ಮಾಡಿಸಿದೆವು. ತೂಕ ಹತ್ತಿರ ಹತ್ತಿರ 900 ಕೆ.ಜಿ. ಅದರ ರಿಜಿಸ್ಟ್ರೇಷನ್ ಕತೆ ಬೇರೆಯೇ ಇದೆ, ಅದಕ್ಕೆ ಇನ್ನೊಂದು ಪತ್ರ ಬೇಕು.

ತೊಂದರೆ ಇರುವುದು ನಿಲ್ಲಿಸುವುದರಲ್ಲಿ. ನಮ್ಮ ಮನೆ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಹತ್ತಿರ. 30-40 ಸೈಟು, 20 ಅಡಿ ರಸ್ತೆ, ಅದೂ ಏರು. ಎರಡೂ ಕಡೆ ಕಾರು. ಕಾರಿನಿಂದ ರಿವರ್ಸ್ ತಳ್ಳುತ್ತಾ ಇದನ್ನು ಗೇಟಿನೊಳಗೆ ಸೇರಿಸುವುದು ಯಾರಿಂದಲೂ ಆಗದ ಮಾತು. ಅದಕ್ಕೇ ಮೋಟಾರ್ ಮೂವರ್ ಬೇಕಾಗುವುದು. ಗಾಡಿಯ ಚಾಸಿಗೆ ಎರಡು ಮೋಟಾರ್ ಕಟ್ಟಿರುತ್ತಾರೆ, ಗಾಲಿಗೊಂದರಂತೆ. ಸ್ವಿಚ್ ಒತ್ತಿದರೆ ಅವುಗಳ ಲೋಹದ ರೋಲರ್ ಹೋಗಿ ಟೈರಿಗೆ ಒತ್ತಿಕೊಳ್ಳುತ್ತದೆ. ಕೈಯಲ್ಲಿ ರಿಮೋಟ್. ಕಾರನ್ನು ಬಿಚ್ಚಿ ಪಕ್ಕಕ್ಕೆ ನಿಲ್ಲಿಸಿ, ರಿಮೋಟಿನಿಂದಲೇ ಗಾಡಿಯನ್ನು ಮುಂದೆ, ಹಿಂದೆ, ನಿಂತಲ್ಲೇ ಗಿರ್ರನೆ ತಿರುಗಿಸಿ ಒಳಗೆ ಬಿಡಬಹುದು. ವೇಗ ನಿಮಿಷಕ್ಕೆ ಹತ್ತು ಮೀಟರ್ ಆಸುಪಾಸು, ತೇರು ಎಳೆದ ಹಾಗೆ. ಇಂಗ್ಲೆಂಡ್, ಹಾಲೆಂಡ್ ಕಡೆ ಇದು ಮಾಮೂಲು. ನಮಗೆ ಸಿಕ್ಕಿದ್ದು ಇಂಗ್ಲೆಂಡಿನಲ್ಲಿದ್ದ ನಮ್ಮ ಅಣ್ಣನ ಮಗನಿಂದ. ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ತನ್ನ ಹಳೆಯದನ್ನು ಕಟ್ಟಿಕೊಂಡು ಬಂದಿದ್ದ. ಮೂವರ್ ಬಂತು ಅಂತ ಯಜಮಾನರು ಫೋನಿನಲ್ಲಿ ಕೂಗಿದ್ದು ಕೇಳಿ ಎದುರುಮನೆಯವರು ‘ಯಾವ ಮೂವರು ಬಂದ್ರು, ಊಟಕ್ಕೇನು ಮಾಡ್ತೀರಿ?’ ಅಂದರು.

ಈಗ ಬ್ಯಾಟರಿ ವಿಷಯ. ಮೋಟಾರ್ 12 ವೋಲ್ಟಿನದು. ಮೊದಲು ಹೋದ ಅಂಗಡಿಯಲ್ಲಿ ನಿಮ್ಮ ಲೇಖನ ಹೇಳಿದ್ದನ್ನೇ ಹೇಳಿದರು. 150 ಎಎಚ್ ಟ್ಯೂಬುಲರ್ ಹಾಕಿ ಮೇಡಂ, ಇಷ್ಟು ತಿಂಗಳು ವಾರಂಟಿ. ಟ್ಯೂಬುಲರ್ ಅಂದರೆ ಇನ್ವರ್ಟರಿಗೆ ಹಾಕುವ, ಆಸಿಡ್ ತುಂಬಿದ ಸೀಸದ ಬ್ಯಾಟರಿ. ಒಳ್ಳೆಯದೇ, ಮನೆಯಲ್ಲಿ ನಮಗೂ ಅದೇ ಇದೆ. ಆದರೆ ಅದು ಕೂತ ಜಾಗದಲ್ಲಿ ಕೂತು, ಗಂಟೆಗಟ್ಟಲೆ ನಿಧಾನಕ್ಕೆ ಕರೆಂಟ್ ಕೊಡಲು ಹುಟ್ಟಿದ್ದು. ಎತ್ತರ ಒಂದೂಕಾಲು ಅಡಿಗಿಂತ ಜಾಸ್ತಿ. ಆಸಿಡ್ ತುಂಬಿದರೆ 50 ಕೆ.ಜಿ. ದಾಟುತ್ತದೆ. ಹಂಪ್ ಹಾರುವ ಗಾಡಿಯಲ್ಲಿ ಇಟ್ಟರೆ ಆಸಿಡ್ ತುಳುಕುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ 4 ಭಾಗ ಆದರೆ ಒಂದು ಕಿಡಿ ಸಾಕು. ಎಕ್ಸ್‌ಚೇಂಜಿನ ಬ್ಯಾಟರಿ ರೂಮಿನಲ್ಲಿ ಎಕ್ಸಾಸ್ಟ್ ಫ್ಯಾನ್ ನಿಂತರೆ ನಾವು ಓಡಾಡಿಬಿಡುತ್ತಿದ್ದೆವು. ಮಲಗುವ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಅದನ್ನಿಡಲು ನಾನು ಒಪ್ಪಲಿಲ್ಲ.

ತೂಕದ್ದು ಇನ್ನೊಂದು ಗೋಳು. ಎಳೆಯುವ ಗಾಡಿಯ ಮೂತಿ ಕಾರಿನ ಕೊಕ್ಕೆಯ ಮೇಲೆ ಎಷ್ಟು ಭಾರ ಹಾಕುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಗಾಡಿಯ ತೂಕದ ನೂರಕ್ಕೆ 5ರಿಂದ 7 ಭಾಗ ಅಂತ ಬ್ರಿಟನ್ನಿನವರು ಹೇಳುತ್ತಾರೆ. ನಮ್ಮ 900 ಕೆ.ಜಿ. ಗಾಡಿಗೆ ಅದು 45ರಿಂದ 63 ಕೆ.ಜಿ. 50-60 ಕೆ.ಜಿ. ಬ್ಯಾಟರಿಯನ್ನು ಮುಂದೆ ಇಟ್ಟರೆ ಆ ಲೆಕ್ಕ ಪೂರಾ ಕೆಡುತ್ತದೆ. ಹಿಂದೆ ಇಟ್ಟರೆ ಮೂತಿ ಹಗುರವಾಗಿ ಹೈವೇಯಲ್ಲಿ ಗಾಡಿ ಬಾಲ ಅಲ್ಲಾಡಿಸುತ್ತದೆ. ಅದು ಇನ್ನೂ ಅಪಾಯ.

ಆದ್ದರಿಂದ ಲಿಥಿಯಂ ಅಂತ ತೀರ್ಮಾನಿಸಿದೆವು. 100 ಎಎಚ್, ತೂಕ ಹನ್ನೆರಡು ಕೆ.ಜಿ. ಒಳಗೆ. ಒಂದು ಕೈಯಲ್ಲಿ ಎತ್ತಬಹುದು. ಅಂಗಡಿಯವನು ‘ಕಣ್ಣುಮುಚ್ಚಿ ಹಾಕಿ’ ಅಂದ. ನಾನು ಕಣ್ಣು ಮುಚ್ಚಿದ್ದೇ ತಪ್ಪು. ಜೀವಮಾನ ಪೂರ್ತಿ ಸೀಸದ ಬ್ಯಾಟರಿ ನೋಡಿದವಳಿಗೆ ಇದರ ಗುಣ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳಲು ಜಂಬ ಬಿಡಲಿಲ್ಲ.

ಪೀಣ್ಯದ ಶೆಡ್ಡಿನಲ್ಲಿ ಟ್ರಯಲ್ ನೋಡಿದಾಗ ಎಲ್ಲ ಸರಿಯಿತ್ತು. ಸಿಮೆಂಟ್ ನೆಲ, ಸಮತಟ್ಟು. ಗಾಡಿ ಆಚೆ ಈಚೆ ಸಲೀಸಾಗಿ ಓಡಾಡಿತು. ಸಂಜೆ ಮನೆ ಹತ್ತಿರ ತಂದು, ಕಾರು ಬಿಚ್ಚಿ, ಗಾಡಿಯನ್ನು ರಸ್ತೆಗೆ ಅಡ್ಡಡ್ಡ ತಿರುಗಿಸಿ, ಗೇಟಿನ ಕಡೆ ಏರಿಗೆ ಬಿಟ್ಟೆವು. ಮೂರ್ನಾಲ್ಕು ಅಡಿ ಹೋಯಿತು. ನಿಂತಿತು. ರಿಮೋಟ್ ಒತ್ತಿದರೆ ಸದ್ದಿಲ್ಲ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಒಂದಡಿ, ಮತ್ತೆ ನಿಂತಿತು.

ರಸ್ತೆ ಬಂದ್. ಮೇಲಿನಿಂದ ನೀರಿನ ಟ್ಯಾಂಕರ್, ಕೆಳಗಿನಿಂದ ಟ್ಯೂಷನ್ ಮಕ್ಕಳ ವ್ಯಾನ್. ಹಾರ್ನ್ ಹೇಳತೀರದು. ರೋಲರ್ ಟೈರನ್ನು ಕಚ್ಚಿಕೊಂಡಿದ್ದರಿಂದ ಗಾಡಿ ಹಿಂದಕ್ಕೆ ಜಾರಲಿಲ್ಲ. ಆದರೂ ಅದನ್ನೇ ನಂಬಬಾರದು. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟೆವು. ನಾನು ಮಲ್ಟಿಮೀಟರ್ ತಂದೆ. ಬ್ಯಾಟರಿ ಮೇಲೆ ಇಟ್ಟರೆ 13.2 ವೋಲ್ಟ್, ಲಿಥಿಯಂಗೆ ಅದು ಗಟ್ಟಿ ಚಾರ್ಜೇ. ಯಜಮಾನರು ಏರಿನ ಬಟನ್ ಒತ್ತಿದರು. ಎರಡು ಸೆಕೆಂಡ್ 13ರ ಹತ್ತಿರ ಇದ್ದದ್ದು ಸೊನ್ನೆಗೆ ಬಂತು. ಸೀಸದ ಬ್ಯಾಟರಿ ಹೀಗೆ ಸಾಯುವುದಿಲ್ಲ. ಎಣ್ಣೆ ತೀರಿದ ದೀಪದ ಹಾಗೆ ಮೆಲ್ಲಗೆ ಇಳಿಯುತ್ತದೆ. ಇದು ಸ್ವಿಚ್ ತೆಗೆದ ಹಾಗೆ ಹೋಯಿತು. ನಿಜಕ್ಕೂ ಸ್ವಿಚ್ಚೇ ಅದು.

ಲಿಥಿಯಂ ಬ್ಯಾಟರಿಯೊಳಗೆ ಬಿಎಂಎಸ್ ಅಂತ ಒಂದು ಬೋರ್ಡ್ ಇರುತ್ತದೆ. 3.2 ವೋಲ್ಟಿನ ನಾಲ್ಕು ಸೆಲ್‌ಗಳನ್ನು ಕಾಯುವ ಕಾವಲುಗಾರ. ಒಂದು ಗಳಿಗೆಯಲ್ಲಿ ಎಷ್ಟು ಜೋರಾಗಿ ಕರೆಂಟ್ ಹರಿಯುತ್ತದೆ ಅನ್ನುವುದು ಆಂಪ್ಸ್. ಇಷ್ಟು ಆಂಪ್ಸ್‌ಗಿಂತ ಜಾಸ್ತಿ ಎಳೆದರೆ ಬಾಗಿಲು ಹಾಕುತ್ತದೆ. ಮೊಬೈಲ್ ಟಾರ್ಚ್ ಬೆಳಕಲ್ಲಿ ಲೇಬಲ್ ಓದಿದೆ. ‘100 ಎಎಚ್’ ಅಂತ ಮುಷ್ಟಿ ಗಾತ್ರದ ಅಕ್ಷರ. ಕೆಳಗೆ, ಸಾಸಿವೆ ಅಕ್ಷರದಲ್ಲಿ, ಗರಿಷ್ಠ ಡಿಸ್ಚಾರ್ಜ್ 50 ಆಂಪ್ಸ್. ಸೋಲಾರ್ ದೀಪ, ಫ್ಯಾನ್‌ಗೆ ಮಾಡಿದ ಬ್ಯಾಟರಿಯನ್ನು ನಮಗೆ ಕಟ್ಟಿದ್ದರು.

ಎದುರುಮನೆಯವರ ಡೀಸೆಲ್ ಕಾರು ನಮ್ಮನ್ನು ಕಾಪಾಡಿತು. ಲಿಥಿಯಂನ ವೈರ್ ಬಿಚ್ಚಿ ಪಕ್ಕಕ್ಕಿಟ್ಟು, ಅವರ ಕಾರಿನ ಬ್ಯಾಟರಿಯಿಂದ ಜಂಪರ್ ಹಾಕಿದೆವು. ಬರೀ 65 ಎಎಚ್ ಬ್ಯಾಟರಿ ಅದು. ಗಾಡಿ ಏರು ಹತ್ತಿ, ಚರಂಡಿ ಚಪ್ಪಡಿ ದಾಟಿ, ಗೇಟಿನೊಳಗೆ ಹೋಗಿ ನಿಂತಿತು. ಜಂಪರ್ ವೈರ್ ಕೈಗೆ ಬಿಸಿ ಹತ್ತಿತ್ತು. ‘ನೂರು ಇದ್ದದ್ದು ಮಾಡಲಿಲ್ಲ, ಅರವತ್ತೈದು ಮಾಡ್ತಲ್ಲೇ?’ ಅಂತ ಯಜಮಾನರು ಬಾಯಿ ಬಿಟ್ಟುಕೊಂಡು ಕೇಳಿದರು. ನಾನು ಈ ಪತ್ರ ಬರೆಯುತ್ತಿರುವುದೇ ಆ ಪ್ರಶ್ನೆಗಾಗಿ.

ಮಾರನೇ ದಿನ ಹಳೇ ಸಹೋದ್ಯೋಗಿಯಿಂದ ಡಿಸಿ ಕ್ಲಾಂಪ್ ಮೀಟರ್ ತಂದು ಅಳೆದೆ. ಸಮನೆಲದಲ್ಲಿ ಮೂವರ್ ಎಳೆದದ್ದು 24 ಆಂಪ್ಸ್. ನಮ್ಮ ಏರಿನಲ್ಲಿ 65. ಗಾಲಿ ಚಪ್ಪಡಿಯ ಅಂಚಿಗೆ ತಾಗಿ ಹತ್ತುವ ಗಳಿಗೆಯಲ್ಲಿ 110. ನಿಂತಲ್ಲೇ ತಿರುಗುವಾಗಲೂ ನೇರ ಹೋಗುವುದಕ್ಕಿಂತ ಜಾಸ್ತಿಯೇ, ಟೈರು ನೆಲಕ್ಕೆ ಉಜ್ಜುತ್ತದಲ್ವಾ. ಲೆಕ್ಕ ಸುಲಭ. 10 ಅಡಿಗೆ 1 ಅಡಿ ಏರುವ ರಸ್ತೆಯಲ್ಲಿ 900 ಕೆ.ಜಿ. ಗಾಡಿಯನ್ನು ದೂಡುವುದೂ 90 ಕೆ.ಜಿ. ಮೂಟೆಯನ್ನು ಎತ್ತುವುದೂ ಒಂದೇ. ಅದರ ಮೇಲೆ ಟೈರಿನ, ಗೇರಿನ ತಿಕ್ಕಾಟ ಬೇರೆ. ಪೀಣ್ಯದಲ್ಲಿ 24 ಆಂಪ್ಸ್, ಹಾಗಾಗಿ 50ರ ಕಾವಲುಗಾರ ಸುಮ್ಮನಿದ್ದ. ಹನುಮಂತನಗರದಲ್ಲಿ 65, ಬಾಗಿಲು ಹಾಕಿದ.

ಇನ್ನು ಬ್ಯಾಟರಿಯಿಂದ ಒಟ್ಟು ಖರ್ಚಾಗುವ ಚಾರ್ಜ್ ಎಷ್ಟು? ರಸ್ತೆಯಿಂದ ಗೇಟಿನೊಳಗೆ ಹೋಗಲು ಐದು ನಿಮಿಷ. ಸರಾಸರಿ 50 ಆಂಪ್ಸ್ ಅಂದುಕೊಂಡರೂ 4 ಎಎಚ್ ಚಿಲ್ಲರೆ. 100 ಎಎಚ್ ಬ್ಯಾಟರಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗ. ಹೊರಗೆ ತೆಗೆಯುವಾಗ ಇನ್ನಷ್ಟು. ಹಾಗಾದರೆ 150 ಎಎಚ್ ಏನಕ್ಕೆ ಬೇಕು? ಮೂವರ್‌ಗೆ ಬೇಕಾದದ್ದು ದೊಡ್ಡ ಹೊಟ್ಟೆಯಲ್ಲ. ಒಂದೆರಡು ನಿಮಿಷ ನೂರು ಆಂಪ್ಸ್ ಕೇಳಿದರೂ ವೋಲ್ಟೇಜ್ ಕುಸಿಯದೆ ಕೊಡುವ ತಾಕತ್ತು. ಯಜಮಾನರಿಗೆ ಇದು ಅರ್ಥವಾದದ್ದು ಸ್ನಾನದ ಮನೆಯಲ್ಲಿ. ಮೇಲೆ ಟ್ಯಾಂಕ್ ತುಂಬಿದ್ದರೂ ನಲ್ಲಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತಂತೆ. ‘ಎಎಚ್ ಇದೆ, ಆಂಪ್ಸ್ ಇಲ್ಲ ಕಣೇ’ ಅಂತ ಒಳಗಿನಿಂದ ಕೂಗಿದರು.

ಎಎಚ್ ಲೆಕ್ಕದಲ್ಲೇ ಒಂದು ಮರೆಮಾಚು ಇದೆ. ಸೀಸದ ಬ್ಯಾಟರಿ ಮೇಲೆ 100 ಎಎಚ್, ಸಿ20 ಅಂತ ಬರೆದಿದ್ದರೆ, 5 ಆಂಪ್ಸ್‌ನಂತೆ 20 ಗಂಟೆ ಕೊಡುತ್ತದೆ ಅಂತ ಅರ್ಥ. 100 ಆಂಪ್ಸ್‌ನಂತೆ ಎಳೆದರೆ ಒಂದು ಗಂಟೆ ಬರುವುದಿಲ್ಲ. ಅರ್ಧ ಗಂಟೆ ಬಂದರೆ ಒಳ್ಳೆಯ ಬ್ಯಾಟರಿ. ಜೋರಾಗಿ ಎಳೆದಷ್ಟೂ ಸಿಗುವುದು ಕಡಿಮೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಯಾಕೆಂದರೆ ಯಾರೂ ಕೇಳುವುದಿಲ್ಲ.

ಹಾಗಾದರೆ ಎದುರುಮನೆಯವರ ಹಾಗೆ ಕಾರಿನ ಬ್ಯಾಟರಿಯನ್ನೇ ಹಾಕಿಬಿಡಬಹುದಲ್ವಾ ಅಂತ ಕೇಳಬಹುದು. ಅರ್ಧ ಸತ್ಯ. ಕಾರಿನ ಬ್ಯಾಟರಿಯಲ್ಲಿ ಪ್ಲೇಟುಗಳು ತೆಳ್ಳಗೆ, ಸಂಖ್ಯೆ ಜಾಸ್ತಿ. ಸ್ಟಾರ್ಟರ್‌ಗೆ ಒಂದೆರಡು ಸೆಕೆಂಡ್ ಭರ್ರನೆ ಕೊಟ್ಟು, ಕೂಡಲೇ ಎಂಜಿನ್‌ನಿಂದ ವಾಪಸ್ ತುಂಬಿಸಿಕೊಳ್ಳುವುದು ಅದರ ಬದುಕು. ಮೂವರ್ ಒಂದಕ್ಕೇ ಮೀಸಲಿಟ್ಟು, ಯಾವಾಗಲೂ ಚಾರ್ಜಿನಲ್ಲಿಟ್ಟರೆ ಅದೂ ನಡೆದೀತು. ಆದರೆ ಅದೇ ಬ್ಯಾಟರಿಯಿಂದ ರಾತ್ರಿಯಿಡೀ ಫ್ಯಾನ್ ಓಡಿಸಿ ಅರ್ಧ ಖಾಲಿ ಮಾಡಿದರೆ ಬೇಗ ಕೈಕೊಡುತ್ತದೆ. ಖಾಲಿಯಾದದ್ದನ್ನು ಹಾಗೇ ವಾರಗಟ್ಟಲೆ ಬಿಟ್ಟರಂತೂ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮುಗಿಯಿತು.

ಬ್ರಿಟನ್ನಿನಲ್ಲಿ ಇದಕ್ಕೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಅಲ್ಲಿ ಕ್ಯಾರವಾನ್ ಬ್ಯಾಟರಿಗೆ ಲೀಷರ್ ಬ್ಯಾಟರಿ ಅನ್ನುತ್ತಾರೆ. ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್ ಅವುಗಳನ್ನು ಪರೀಕ್ಷೆ ಮಾಡಿಸಿ ಎ, ಬಿ, ಸಿ ಅಂತ ಮೂರು ದರ್ಜೆ ಮಾಡಿದೆ. ಕರೆಂಟ್ ಸಿಗದ ಜಾಗದಲ್ಲಿ ತಂಗುವವರಿಗೆ ಎ. ಕರೆಂಟ್ ಇರುವ ಕಡೆಯೇ ನಿಲ್ಲುತ್ತೇವೆ, ಆದರೆ ಮೂವರ್‌ನಂಥದ್ದನ್ನು ಓಡಿಸಬೇಕು ಅನ್ನುವವರಿಗೆ ಬಿ. ಸಣ್ಣಪುಟ್ಟ ಬಳಕೆಗೆ ಸಿ. ಅಂದರೆ ‘ಏನಕ್ಕೆ ಬೇಕು’ ಅನ್ನುವುದು ಅಲ್ಲಿ ಮೊದಲ ಪ್ರಶ್ನೆ. ನಮ್ಮಲ್ಲಿ ಮೊದಲ ಪ್ರಶ್ನೆ ‘ಎಷ್ಟು ಎಎಚ್’, ಎರಡನೆಯದು ‘ಎಷ್ಟು ತಿಂಗಳು ವಾರಂಟಿ’.

ನಮ್ಮೂರಿನಲ್ಲಿ ಆ ದರ್ಜೆಯ ಬ್ಯಾಟರಿ ಹುಡುಕುವ ಬದಲು ನಾನು ಹೀಗೆ ಯೋಚಿಸಿದೆ. ಸ್ವಲ್ಪ ಹೊತ್ತು ಭಾರೀ ಕರೆಂಟ್ ಕೊಡುವ ಬ್ಯಾಟರಿಯನ್ನು ಇಲ್ಲಿ ಯಾರು ಬಳಸುತ್ತಾರೆ? ಬ್ಯಾಂಕು, ಎಟಿಎಂ, ಕಂಪ್ಯೂಟರ್ ಇರುವ ಆಫೀಸು. ಕರೆಂಟ್ ಹೋದಾಗ ಜನರೇಟರ್ ಬರುವವರೆಗೆ ಹದಿನೈದಿಪ್ಪತ್ತು ನಿಮಿಷ ಪೂರ್ತಿ ಲೋಡ್ ಹೊರುವ ಯುಪಿಎಸ್ ಬ್ಯಾಟರಿ. ಅಂಗಡಿಯಲ್ಲಿ ಎಸ್‌ಎಂಎಫ್ ಅಂತ ಕೇಳಿದರೆ ಕೊಡುತ್ತಾರೆ. ಒಳಗಿರುವುದು ಎಜಿಎಂ. ಆಸಿಡ್ ಹರಿದಾಡುವುದಿಲ್ಲ, ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡು ಕೂತಿರುತ್ತದೆ. ಸೀಲ್ ಆಗಿರುವುದರಿಂದ ತುಳುಕುವುದಿಲ್ಲ, ನೀರು ಹಾಕುವ ಕೆಲಸವಿಲ್ಲ. ಒಳಗಿನ ತಡೆ ಕಡಿಮೆ, ಆದ್ದರಿಂದ ಆಂಪ್ಸ್ ಸಲೀಸಾಗಿ ಹೊರಗೆ ಬರುತ್ತದೆ. ಕಂಪನಿಯವರ ಡೇಟಾ ಶೀಟಿನಲ್ಲಿ ಒಂದು ಕೋಷ್ಟಕ ಇರುತ್ತದೆ. 10 ನಿಮಿಷಕ್ಕೆ ಎಷ್ಟು ಆಂಪ್ಸ್, 30 ನಿಮಿಷಕ್ಕೆ ಎಷ್ಟು ಅಂತ. ನಾನು ತೆಗೆದುಕೊಂಡ 100 ಎಎಚ್‌ನದು 30 ನಿಮಿಷದ ಕಾಲಂನಲ್ಲಿ ನೂರು ಆಂಪ್ಸ್‌ನ ಮೇಲಿತ್ತು. ತೂಕ 30 ಕೆ.ಜಿ. ಬೆಲೆ ಆ ಲಿಥಿಯಂನ ಅರ್ಧಕ್ಕಿಂತ ಕಡಿಮೆ.

ಈ ಕೋಷ್ಟಕ ತೋರಿಸಿ ಅಂದಾಗ ಮೂರು ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ನಾಲ್ಕನೆಯ ಅಂಗಡಿಯ ಹುಡುಗ ಫೋನಿನಲ್ಲಿ ಹುಡುಕಿ ತೆಗೆದು, ‘ಇದೇನಾ ಆಂಟಿ?’ ಅಂದ. ಅಲ್ಲೇ ಕೊಂಡೆ.

ಲಿಥಿಯಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಿಎಂಎಸ್ 150 ಆಂಪ್ಸ್‌ನದಾಗಿದ್ದರೆ, ಒಂದೆರಡು ಸೆಕೆಂಡಿನ ಏಟನ್ನು ಅದಕ್ಕಿಂತ ಜಾಸ್ತಿ ತಡೆಯುವಂತಿದ್ದರೆ, ಅದರಷ್ಟು ಹಗುರ, ಅದರಷ್ಟು ಗಟ್ಟಿ ಬೇರೆ ಇಲ್ಲ. ಒಳಗೆ ಫ್ರಿಜ್ ಇಟ್ಟುಕೊಂಡು ವಾರಗಟ್ಟಲೆ ಕಾಡಿನಂಚಿನಲ್ಲಿ ನಿಲ್ಲುವವರು ಅದನ್ನೇ ತೆಗೆದುಕೊಳ್ಳಲಿ. ಲೇಬಲ್ಲಿನ ಸಾಸಿವೆ ಅಕ್ಷರವನ್ನು ದುಡ್ಡು ಕೊಡುವ ಮೊದಲು ಓದಲಿ, ಅಷ್ಟೇ.

ಬ್ಯಾಟರಿಯಷ್ಟೇ ಮುಖ್ಯವಾದದ್ದು ಕೇಬಲ್. ಇದರಲ್ಲೂ ನಾವು ಮೋಸ ಹೋಗಿದ್ದೆವು. ಫ್ಯಾಬ್ರಿಕೇಷನ್ ಶೆಡ್ಡಿನವರು ಮನೆ ವೈರಿಂಗಿನ ಲೆಕ್ಕದಲ್ಲಿ 10 ಚದರ ಮಿ.ಮೀ. ವೈರ್ ಹಾಕಿದ್ದರು. ಬ್ಯಾಟರಿಯಿಂದ ಮೂವರ್‌ಗೆ 4 ಮೀಟರ್, ಹೋಗಿ ಬರುವುದು 8 ಮೀಟರ್. 110 ಆಂಪ್ಸ್ ಹರಿದಾಗ ಆ ತಾಮ್ರವೇ ಒಂದೂವರೆ ವೋಲ್ಟ್ ತಿಂದುಹಾಕುತ್ತದೆ. ಬ್ಯಾಟರಿ ಆಗಲೇ ಭಾರಕ್ಕೆ ಹನ್ನೊಂದೂವರೆಗೆ ಇಳಿದಿದ್ದರೆ ಮೂವರ್‌ಗೆ ಸಿಗುವುದು ಹತ್ತು. ನಮ್ಮದು 10.5ಕ್ಕಿಂತ ಕೆಳಗೆ ಹೋದರೆ ನಿಂತುಬಿಡುತ್ತದೆ. ಜನ ಆಗ ಬ್ಯಾಟರಿಯನ್ನು ಬೈಯುತ್ತಾರೆ. 35 ಚದರ ಮಿ.ಮೀ. ಹಾಕಿದ ಮೇಲೆ ನಷ್ಟ ಅರ್ಧ ವೋಲ್ಟಿನೊಳಗೆ ಬಂತು.

ಆ ಕೇಬಲ್ಲಿಗೆ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಎರಡೂ ಸುತ್ತಿದೆ. ವೆಲ್ಡಿಂಗ್ ಕೇಬಲ್ ಅಂತ ಕೇಳಿದರೆ ಕೊಡುತ್ತಾರೆ, ಬಳುಕುತ್ತದೆ, ಕೆಲಸಕ್ಕೆ ಸರಿ. ಆದರೆ ಅಗ್ಗಕ್ಕೆ ಸಿಗುವುದು ಅಲ್ಯೂಮಿನಿಯಂ. ತುದಿ ಕೆರೆದು ತಾಮ್ರವೇ ಅಂತ ನೋಡಿಕೊಳ್ಳಿ. ಕೇಬಲ್ ತುದಿಗೆ ಹಾಕುವ ಲೋಹದ ಲಗ್ ಅನ್ನು ಸುತ್ತಿಗೆಯಲ್ಲಿ ಕುಟ್ಟಿಸಬೇಡಿ, ಹೈಡ್ರಾಲಿಕ್ ಯಂತ್ರದಲ್ಲಿ ಒತ್ತಿಸಿ ಕ್ರಿಂಪಿಂಗ್ ಮಾಡಿಸಿ. ಬ್ಯಾಟರಿ ಪಕ್ಕದಲ್ಲೇ 150 ಆಂಪ್ಸ್ ಫ್ಯೂಸ್. ಮೂವರ್‌ನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿ. ಜೊತೆಗೆ ಲಾರಿಗಳಿಗೆ ಹಾಕುವ ಕಟ್‌ಆಫ್ ಸ್ವಿಚ್ ಒಂದು. ರಿಮೋಟಿನ ರಿಸೀವರ್ ಸುಮ್ನೆ ಕೂತಿದ್ದರೂ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಿರುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಸ್ವಿಚ್ ತೆಗೆಯುವುದು ನಮ್ಮ ಮನೆಯಲ್ಲಿ ಗ್ಯಾಸ್ ಆಫ್ ಮಾಡಿದಷ್ಟೇ ಕಟ್ಟುನಿಟ್ಟು.

ಚಾರ್ಜ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಸ್‌ಎಂಎಫ್‌ಗೆ 14.4ರ ತನಕ ತುಂಬಿಸಿ, ಆಮೇಲೆ 13.5ರಿಂದ 13.8ರಲ್ಲಿ ಹಿಡಿದಿಡುವ ಚಾರ್ಜರ್ ಸಾಕು. ಲೋಡ್ ಇಲ್ಲದೆ ಒಂದೆರಡು ಗಂಟೆ ಬಿಟ್ಟು ಅಳೆದಾಗ 12.7ರ ಮೇಲಿದ್ದರೆ ಪೂರ್ತಿ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಇನ್ನೂ ಕೆಳಗೆ ಹೋಗಲು ನಾನು ಬಿಡುವುದಿಲ್ಲ. ಬೆಂಗಳೂರಿನ ಹವೆ ಬ್ಯಾಟರಿಗೆ ಹಿತ. ಆದರೆ ಮುಚ್ಚಿದ ಗಾಡಿ ಏಪ್ರಿಲ್ ಬಿಸಿಲಿಗೆ ಒಲೆಯಾಗುತ್ತದೆ. ಹತ್ತು ಡಿಗ್ರಿ ಶಾಖ ಜಾಸ್ತಿಯಾದರೆ ಇಂಥ ಬ್ಯಾಟರಿಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನಮ್ಮ ಎಕ್ಸ್‌ಚೇಂಜಿನಲ್ಲಿ ಎಲ್ಲರಿಗೂ ಬಾಯಿಪಾಠ. ಆ ರೂಮಿಗೆ ಏಸಿ ಹಾಕಿಸಿ ಅಂತ ನಾನು ಬರೆದ ಅರ್ಜಿಗಳು ಈಗಲೂ ಯಾವುದೋ ಫೈಲಿನಲ್ಲಿ ಇರಬೇಕು.

ಹಳೆಯ ಸೀಸದ ಬ್ಯಾಟರಿಯನ್ನು ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಆಸಿಡ್ಡನ್ನು ಚರಂಡಿಗೆ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆಯುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಟ್ಟು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ.

ಈಗ ನಮ್ಮ ಏರಿನಲ್ಲಿ ಮೂವರ್ 65 ಆಂಪ್ಸ್ ಎಳೆಯುವಾಗಲೂ ಅದರ ಟರ್ಮಿನಲ್ಲಿನಲ್ಲಿ 11.6 ವೋಲ್ಟ್ ನಿಂತಿರುತ್ತದೆ. ಆ 50 ಆಂಪ್ಸ್ ಲಿಥಿಯಂ ವಾಪಸ್ ತೆಗೆದುಕೊಳ್ಳಲು ಅಂಗಡಿಯವರು ಒಪ್ಪಲಿಲ್ಲ. ಬಿಚ್ಚಿದ ಮಾಲು ಅಂದರು. ಸಿಟ್ಟು ಬಂತು. ಆಮೇಲೆ ಅದನ್ನು ಒಳಗಿನ ದೀಪ, ಫ್ಯಾನ್, ನೀರಿನ ಪಂಪಿಗೆ ಕೊಟ್ಟೆ. ಐದಾರು ಆಂಪ್ಸ್‌ನ ಕೆಲಸ, ಅದು ಹುಟ್ಟಿದ್ದೇ ಅದಕ್ಕೆ. ಚೆನ್ನಾಗಿ ನಡೆಯುತ್ತಿದೆ. ಅದರ ಚಾರ್ಜರ್ ಬೇರೆ, ಎಸ್‌ಎಂಎಫ್‌ನದು ಬೇರೆ. ಎರಡನ್ನೂ ಕಲೆಸಬಾರದು ಅಂತ ಚಾರ್ಜರ್‌ಗಳ ಮೇಲೆ ಪೇಂಟಿನಲ್ಲಿ ಬರೆದಿದ್ದೇನೆ. ಯಜಮಾನರ ಕನ್ನಡಕಕ್ಕೂ ಕಾಣುವಷ್ಟು ದೊಡ್ಡದಾಗಿ.

ಬ್ಯಾಟರಿ ಮಾರುವವರು ಎಎಚ್ ಬರೆದಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ, ಗರಿಷ್ಠ ಆಂಪ್ಸ್ ಎಷ್ಟು ಅಂತ ಬರೆಯಲಿ ಅನ್ನುವುದು ನನ್ನ ಕೋರಿಕೆ. ತಮ್ಮಲ್ಲಿ ಕೋರಿಕೆ ಇನ್ನೂ ಚಿಕ್ಕದು. ಮುಂದಿನ ಭಾನುವಾರ ಆ 150 ಎಎಚ್ ಸಾಲಿಗೆ ಒಂದು ತಿದ್ದುಪಡಿ ಹಾಕಿ. ನಮ್ಮ ರಸ್ತೆಯ ಕೊನೆ ಮನೆಯವರೂ ಕ್ಯಾರವಾನ್ ಮಾಡಿಸುತ್ತಿದ್ದಾರೆ. ಅವರ ಮನೆ ಮುಂದೆ ಏರು ನಮ್ಮದಕ್ಕಿಂತ ಜಾಸ್ತಿ. ಅವರು ಓದುವುದು ನಿಮ್ಮ ಪತ್ರಿಕೆಯನ್ನೇ.

ಇಂತಿ,
ನಿವೃತ್ತ ಟೆಲಿಫೋನ್ ಎಕ್ಸ್‌ಚೇಂಜ್ ಉದ್ಯೋಗಿ
ಹನುಮಂತನಗರ, ಬೆಂಗಳೂರು